ಗೋಡೆ ತೆಗೆದರೆ ಮಾತು ಎಲ್ಲಿಗೆ ಹೋಗುತ್ತದೆ?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಏಳನೇ ಕ್ಲಾಸಿನ ತನಕ ಇಲ್ಲೇ ಕಾಸರಗೋಡಿನಲ್ಲಿ ನಮ್ಮ ಹತ್ತಿರ ಕಲಿತವಳು. ಈಗ ಬೆಂಗಳೂರಿನ ಒಂದು ಕಂಪೆನಿಯಲ್ಲಿ ಕೆಲಸ. "ಆಫೀಸು ಹೇಗುಂಟು?" ಅಂತ ಕೇಳಿದೆ.

"ದೊಡ್ಡ ಹಾಲ್ ಮಾಷ್ಟ್ರೇ. ಗೋಡೆಯೇ ಇಲ್ಲ. ಉದ್ದುದ್ದ ಮೇಜು, ಇನ್ನೂರು ಜನ ಒಂದೇ ಕಡೆ. ನಮ್ಮ ಶಾಲೆಯ ಹಾಲಿನ ಹಾಗೆಯೇ!" ಅಂತ ನಕ್ಕಳು. "ಒಂದೇ ವ್ಯತ್ಯಾಸ. ಇಲ್ಲಿ ಎಲ್ಲರ ಕಿವಿಯಲ್ಲೂ ಹೆಡ್‌ಫೋನ್."

ಅವಳು ಹೇಳಿದ ಶಾಲೆಯ ಹಾಲ್ ಎಂಥದ್ದು ಅಂತ ನಿಮಗೂ ಗೊತ್ತಿರಬಹುದು. ಉದ್ದನೆಯ ಒಂದು ಹಾಲ್, ನಡುವೆ ಹಲಗೆಯ ಸ್ಕ್ರೀನ್. ಈಚೆ ಐದನೇ ಕ್ಲಾಸ್ ಕನ್ನಡ, ಆಚೆ ಐದನೇ ಕ್ಲಾಸ್ ಮಲಯಾಳಂ. ನಾನು ಇಲ್ಲಿ ಭಿನ್ನರಾಶಿ ಹೇಳಿಕೊಡುವಾಗ ಅಲ್ಲಿ ಪದ್ಯ. ನಿಮ್ಮಲ್ಲಿ ಕೆಲವರಿಗೆ ಆಚೆಯಿಂದ ಕೇಳುವುದು ಮರಾಠಿ ಇರಬಹುದು, ತೆಲುಗು ಇರಬಹುದು, ತಮಿಳು ಇರಬಹುದು. ಕತೆ ಮಾತ್ರ ಒಂದೇ.

ನನಗೆ ಆ ದಿನ ಒಂದು ಪ್ರಶ್ನೆ ಹುಟ್ಟಿತು. ನಮ್ಮಲ್ಲಿ ಗೋಡೆ ಇಲ್ಲದ್ದು ದುಡ್ಡಿಲ್ಲದ ಕಾರಣಕ್ಕೆ. ಅಷ್ಟು ದೊಡ್ಡ ಕಂಪೆನಿಗಳು ಬೇಕೆಂದೇ ಗೋಡೆ ತೆಗೆದದ್ದು ಯಾಕೆ? ತೆಗೆದ ಮೇಲೆ ಕಿವಿಗೆ ಹೆಡ್‌ಫೋನ್ ಯಾಕೆ ಬೇಕಾಯಿತು?

ಇಂಥ ಆಫೀಸಿಗೆ ಓಪನ್ ಪ್ಲಾನ್ ಅಂತ ಹೆಸರು. ಅದು ಇವತ್ತಿನ ಯೋಚನೆ ಅಲ್ಲ. ಅಮೆರಿಕದ ಬಫಲೋ ನಗರದಲ್ಲಿ ಲಾರ್ಕಿನ್ ಎಂಬ ಸಾಬೂನು ಕಂಪೆನಿ ಇತ್ತು. ಅಂಚೆಯ ಮೂಲಕ ಆರ್ಡರ್ ತೆಗೆದುಕೊಂಡು ಸಾಮಾನು ಕಳಿಸುವ ವ್ಯಾಪಾರ. ಪತ್ರ ಓದುವುದಕ್ಕೆ, ಲೆಕ್ಕ ಬರೆಯುವುದಕ್ಕೆ ಸಾವಿರಕ್ಕೂ ಹೆಚ್ಚು ಜನ ಬೇಕು. ಅವರಿಗಾಗಿ ಫ್ರಾಂಕ್ ಲಾಯ್ಡ್ ರೈಟ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಕಟ್ಟಡ 1906ರಲ್ಲಿ ತಯಾರಾಯಿತು. ನಮ್ಮ ತೊಟ್ಟಿಮನೆಯ ಹಾಗೆ ನಡುವೆ ದೊಡ್ಡ ಅಂಗಳ, ಮೇಲೆ ಗಾಜಿನ ಮಾಡು, ಸುತ್ತ ಮಹಡಿ ಮಹಡಿಯಾಗಿ ತೆರೆದ ಜಗಲಿಗಳು. ಬೆಳಕು ಮೇಲಿಂದ ಇಳಿದು ಎಲ್ಲರ ಮೇಜಿಗೂ ಬರಬೇಕು ಎಂಬುದು ಉದ್ದೇಶ. 1950ರಲ್ಲಿ ಅದನ್ನು ಕೆಡವಿದರು.

ಅದೇ ರೈಟ್ 1939ರಲ್ಲಿ ರಸೀನ್ ಎಂಬ ಊರಲ್ಲಿ ಜಾನ್ಸನ್ ವ್ಯಾಕ್ಸ್ ಕಂಪೆನಿಗೆ ಇನ್ನೊಂದು ಹಾಲ್ ಕಟ್ಟಿದ. ಅದರ ಚಿತ್ರ ಸಿಕ್ಕಿದರೆ ಖಂಡಿತ ನೋಡಿ, ಅಣಬೆಯ ಕಾಡಿನ ಹಾಗೆ ಉಂಟು. ಕಂಬದ ಬುಡ ಬರೇ 9 ಇಂಚು, ತುದಿಯಲ್ಲಿ ಹದಿನೆಂಟೂವರೆ ಅಡಿ ಅಗಲದ ತಟ್ಟೆ. ಇಷ್ಟು ಸಪೂರದ ಕಂಬ ನಿಲ್ಲುತ್ತದಾ ಅಂತ ಅಧಿಕಾರಿಗಳಿಗೆ ಸಂಶಯ. 12 ಟನ್ ಹೊತ್ತು ತೋರಿಸಬೇಕು ಎಂದರು. 1937ರಲ್ಲಿ ಎಲ್ಲರ ಎದುರು ಒಂದು ಕಂಬದ ಮೇಲೆ ಮರಳು, ಕಬ್ಬಿಣ ಹೇರುತ್ತಾ ಹೋದರು. 60 ಟನ್‌ವರೆಗೂ ಕಂಬ ನಿಂತಿತ್ತು! ಆದರೆ ಅದೇ ಕಟ್ಟಡದ ಗಾಜಿನ ಮಾಡು ಮಳೆಗೆ ಸೋರುತ್ತಿತ್ತು, ರೈಟ್ ಮಾಡಿಸಿದ ಮೂರು ಕಾಲಿನ ಕುರ್ಚಿ ಸ್ವಲ್ಪ ಓರೆಯಾಗಿ ಕೂತರೆ ಮಗುಚುತ್ತಿತ್ತು. ದೊಡ್ಡವರಿಗೂ ತಪ್ಪುತ್ತದೆ.

ಆಗಿನ ಹೆಚ್ಚಿನ ಆಫೀಸುಗಳು ಅಗಲ ಕಡಿಮೆಯ ಕಟ್ಟಡಗಳು. ಕಿಟಕಿಯ ಬೆಳಕು ಒಳಗೆ ಏಳೆಂಟು ಮೀಟರ್ ಬಂದರೆ ಹೆಚ್ಚು, ಅದಕ್ಕಿಂತ ಅಗಲ ಕಟ್ಟಿದರೆ ನಡುವೆ ಕತ್ತಲೆ. 1938ರಲ್ಲಿ ಟ್ಯೂಬ್‌ಲೈಟ್ ಮಾರಾಟಕ್ಕೆ ಬಂತು, ಹಿಂದೆಯೇ ಏಸಿಯೂ ಸಾಮಾನ್ಯವಾಯಿತು. ಬೆಳಕಿಗೂ ಗಾಳಿಗೂ ಕಿಟಕಿಯೇ ಬೇಡ ಅಂತ ಆದಾಗ ಕಟ್ಟಡ ಎಷ್ಟು ಅಗಲ ಬೇಕಾದರೂ ಹಿಗ್ಗಬಹುದು. 1950ರ ದಶಕದ ಕೊನೆಗೆ ಜರ್ಮನಿಯ ಶ್ನೆಲ್ಲೆ ಸಹೋದರರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಆಫೀಸಿನಲ್ಲಿ ಯಾವ ಕಾಗದ ಯಾರಿಂದ ಯಾರಿಗೆ ಹೋಗುತ್ತದೆ, ಯಾರು ಯಾರ ಹತ್ತಿರ ಹೆಚ್ಚು ಮಾತಾಡುತ್ತಾರೆ ಅಂತ ಪಟ್ಟಿ ಮಾಡಿ, ಅದೇ ಪ್ರಕಾರ ಮೇಜುಗಳನ್ನು ಹಾಲಿನ ತುಂಬ ಹರಡಿದರು. ಸಾಲಿಲ್ಲ, ಕೋಣೆಯಿಲ್ಲ. ನಡುನಡುವೆ ಗಿಡದ ಕುಂಡ. ಮೇಲಧಿಕಾರಿಗೂ ಬಾಗಿಲಿಲ್ಲ. ಯೋಚನೆ ಒಳ್ಳೆಯದೇ, ಎಲ್ಲರೂ ಸಮಾನರಾಗಿ ಕೂತು ಸಲೀಸಾಗಿ ಮಾತಾಡಲಿ ಅಂತ. ಆದರೆ ಗದ್ದಲ ತಡೆಯಲಾಗುವುದಿಲ್ಲ ಎಂದು 1970ರ ದಶಕದಲ್ಲಿ ಯುರೋಪಿನ ನೌಕರರೇ ಕೋಣೆ ವಾಪಸು ಕೊಡಿ ಅಂದರು.

ಅಮೆರಿಕದಲ್ಲಿ ಬೇರೆ ದಾರಿ ಹಿಡಿದರು. ಹರ್ಮನ್ ಮಿಲ್ಲರ್ ಎಂಬ ಪೀಠೋಪಕರಣ ಕಂಪೆನಿಯ ರಾಬರ್ಟ್ ಪ್ರಾಪ್‌ಸ್ಟ್ 1968ರಲ್ಲಿ ಅರ್ಧ ಎತ್ತರದ ಹಲಗೆಗಳನ್ನು ಮಾರುಕಟ್ಟೆಗೆ ತಂದ. ಬೇಕಾದ ಹಾಗೆ ಜೋಡಿಸಬಹುದು, ಅಗಲವಾಗಿ ಬಿಡಿಸಿ ಇಡಬಹುದು. ಕಂಪೆನಿಗಳು ಏನು ಮಾಡಿದವು? ಕಡಿಮೆ ಜಾಗದಲ್ಲಿ ಹೆಚ್ಚು ಜನ ಹಿಡಿಯಬೇಕಲ್ಲ, ಎಲ್ಲ ಹಲಗೆಗಳನ್ನು 90 ಡಿಗ್ರಿಯಲ್ಲಿ ಸೇರಿಸಿ ಸಾಲು ಸಾಲು ಚೌಕದ ಗೂಡು ಮಾಡಿದವು. ಇದೇ ಕ್ಯೂಬಿಕಲ್. ಪ್ರಾಪ್‌ಸ್ಟ್ ಮುದಿ ಪ್ರಾಯದಲ್ಲಿ ಇದನ್ನು ನೋಡಿ ನೊಂದುಕೊಂಡಿದ್ದ. ಈಚಿನ ವರ್ಷಗಳಲ್ಲಿ ಆ ಅರ್ಧ ಹಲಗೆಯೂ ಹೋಗಿ ಉದ್ದದ ಮೇಜು ಬಂದಿದೆ.

ಈಗ ನಮ್ಮ ಹಾಲಿಗೆ ಬರೋಣ. ಸ್ಕ್ರೀನ್ ಉಂಟಲ್ಲ, ಮತ್ತೆ ಆಚೆಯ ಪದ್ಯ ಈಚೆ ಕೇಳುವುದು ಹೇಗೆ?

ಎರಡು ದಾರಿ ಉಂಟು. ಒಂದು, ಮಾಡು. ಶಬ್ದ ಮೇಲೆ ಹೋಗಿ ಗಟ್ಟಿಯಾದ ಸೀಲಿಂಗಿಗೆ ಬಡಿದು ಚೆಂಡಿನ ಹಾಗೆ ಪುಟಿದು ಆಚೆ ಇಳಿಯುತ್ತದೆ. ಎರಡನೆಯದು ಸ್ವಲ್ಪ ಸೂಕ್ಷ್ಮ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ. 250 ಹರ್ಟ್ಸ್‌ನ ದಪ್ಪ ಸ್ವರಕ್ಕೆ ಅದು 1.36 ಮೀಟರ್, ಬಹುಮಟ್ಟಿಗೆ ಸ್ಕ್ರೀನಿನ ಎತ್ತರದಷ್ಟೇ. 4000 ಹರ್ಟ್ಸ್‌ನ ಸಪೂರ ಸದ್ದಿಗೆ ಬರೇ 8.5 ಸೆಂಟಿಮೀಟರ್. ಉದ್ದದ ಅಲೆ ಹಲಗೆಯ ಅಂಚಿನಲ್ಲಿ ಸುಲಭವಾಗಿ ಬಾಗಿ ಆಚೆ ಇಳಿಯುತ್ತದೆ, ಗಿಡ್ಡ ಅಲೆ ಅಷ್ಟು ಬಾಗುವುದಿಲ್ಲ. ಇದಕ್ಕೆ ವಿವರ್ತನೆ ಅಂತ ಹೆಸರು.

ಮಾತಿಗೆ ಇದರಿಂದ ಏನಾಗುತ್ತದೆ ನೋಡಿ. ಅ, ಆ, ಉ, ಓ ಮುಂತಾದ ಸ್ವರಗಳಲ್ಲಿ ಮಾತಿನ ಶಕ್ತಿಯ ಹೆಚ್ಚಿನ ಪಾಲು ಇರುವುದು ಕೆಳಗಿನ ಆವೃತ್ತಿಗಳಲ್ಲಿ. ಸ, ಶ, ತ, ಕ ಇವುಗಳನ್ನು ಒಂದರಿಂದ ಒಂದು ಬೇರೆ ಮಾಡಿ ತೋರಿಸುವ ಸದ್ದು ಮೇಲಿನ ಆವೃತ್ತಿಗಳಲ್ಲಿದೆ, ಅದು ಮೆಲ್ಲನೆಯದೂ ಹೌದು. ಆದ್ದರಿಂದ ಆಚೆ ಕ್ಲಾಸಿನ ಮಾತು ಗುಂಯ್ ಅಂತ ಕೇಳುತ್ತದೆ, ಆದರೆ ಏನು ಹೇಳಿದರು ಅಂತ ಗೊತ್ತಾಗುವುದಿಲ್ಲ. ಮತ್ತೆ ಆ ಗುಂಯ್ ನಿಮ್ಮ ಟೀಚರ ಮೆಲ್ಲನೆಯ ವ್ಯಂಜನಗಳ ಮೇಲೆ ಹೋಗಿ ಕೂರುತ್ತದೆ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ತುಂಬ ವರ್ಷದ ಹಿಂದೆ ಹಿಂದಿನ ಬೆಂಚಿನಲ್ಲಿ, ಸ್ಕ್ರೀನಿಗೆ ತಾಗಿ ಒಬ್ಬ ಹುಡುಗ ಕೂರುತ್ತಿದ್ದ. ಉಕ್ತಲೇಖನದಲ್ಲಿ 'ಸಾಲು' ಅಂದರೆ 'ಹಾಲು' ಬರೆಯುವುದು, 'ತೋಟ' ಅಂದರೆ 'ಕೋಟ'. ಗಮನ ಇಲ್ಲ ಅಂತ ಎಷ್ಟು ಬೈದಿದ್ದೇನೋ ಲೆಕ್ಕ ಇಲ್ಲ. ಒಂದು ದಿನ ಬೇರೆ ಏನೋ ಕಾರಣಕ್ಕೆ ಅವನನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿದೆ. ಆ ವಾರ ಅವನ ತಪ್ಪು ಅರ್ಧಕ್ಕರ್ಧ ಇಳಿಯಿತು. ಸ್ವರ ಎಲ್ಲ ಸರಿಯಾಗಿಯೇ ಬರೆಯುತ್ತಿದ್ದ, ನೋಡಿ! ತಪ್ಪುತ್ತಿದ್ದದ್ದು ಮೊದಲಿನ ವ್ಯಂಜನ ಮಾತ್ರ. ಆಗಲೇ ನನಗೆ ಹೊಳೆಯಬೇಕಿತ್ತು.

ಕೋಣೆಯೊಳಗಿನ ಶಬ್ದಕ್ಕೆ ಲೆಕ್ಕ ಹುಡುಕಿದವನು ವಾಲೇಸ್ ಸೇಬಿನ್ ಎಂಬ ತರುಣ ಮಾಷ್ಟ್ರು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದೊಂದು ಉಪನ್ಯಾಸದ ಹಾಲ್ ಕಟ್ಟಿದ್ದರು. ಆದರೆ ಒಂದು ಮಾತು ಹೇಳಿದರೆ ಅದು ಐದೂವರೆ ಸೆಕೆಂಡ್ ಹಾಲಿನೊಳಗೇ ಸುತ್ತುತ್ತಿತ್ತು. ಅಷ್ಟರಲ್ಲಿ ಇನ್ನೂ ಹತ್ತು ಹದಿನೈದು ಶಬ್ದ ಹೇಳಿ ಆಗಿರುತ್ತದೆ. ಎಲ್ಲ ಒಂದರ ಮೇಲೆ ಒಂದು ಕಲಸಿ ಕೇಳುವವರಿಗೆ ಏನೂ ತಿಳಿಯದು. ಇದನ್ನು ಸರಿಮಾಡು ಅಂತ ಸೇಬಿನ್‌ಗೆ ಹೇಳಿದರು.

ಅವನ ಹತ್ತಿರ ಇದ್ದದ್ದು ಒಂದು ಆರ್ಗನ್ ಕೊಳವೆ, ಒಂದು ಸಮಯ ಅಳೆಯುವ ಯಂತ್ರ, ಎರಡು ಕಿವಿ. ಹಗಲು ಬೀದಿಯ ಗದ್ದಲ, ಹಾಗಾಗಿ ಕೆಲಸ ಎಲ್ಲ ನಡುರಾತ್ರಿಯ ಮೇಲೆ. ಹತ್ತಿರದ ಸ್ಯಾಂಡರ್ಸ್ ಥಿಯೇಟರಿನಿಂದ ಸೀಟಿನ ಮೆತ್ತೆಗಳನ್ನು ಹೊತ್ತು ತರುವುದು, ಕೆಲವನ್ನು ಹಾಸಿ ಕೊಳವೆ ಊದಿಸಿ ನಿಲ್ಲಿಸುವುದು, ಸದ್ದು ಕಿವಿಗೆ ಕೇಳದಾಗುವ ತನಕ ಸಮಯ ಬರೆದುಕೊಳ್ಳುವುದು, ಇನ್ನೂ ಕೆಲವು ಹಾಸಿ ಮತ್ತೆ ಅಳೆಯುವುದು. ಬೆಳಗಾಗುವ ಮೊದಲು ಮೆತ್ತೆಗಳನ್ನು ವಾಪಸು ಹೊತ್ತು ಇಟ್ಟು ಬರುವುದು! ಒಮ್ಮೆ ಅವನಿಗೆ ತಾನು ತೊಟ್ಟ ಬಟ್ಟೆಯೂ ಶಬ್ದವನ್ನು ಹೀರುತ್ತದೆ, ದಿನಾ ಬೇರೆ ಬೇರೆ ಬಟ್ಟೆ ಹಾಕಿದ್ದರಿಂದ ಲೆಕ್ಕ ಕೆಟ್ಟಿದೆ ಅಂತ ಗೊತ್ತಾಯಿತು. ಬರೆದಿಟ್ಟ ಸಾವಿರಾರು ಅಳತೆಗಳನ್ನು ಎಸೆದು, ಮತ್ತೆ ಒಂದೇ ಜೊತೆ ಬಟ್ಟೆಯಲ್ಲಿ ಮೊದಲಿನಿಂದ ಶುರು ಮಾಡಿದ. ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ಉತ್ತರ ಬರುವ ಹಾಗೆ ಅಂಕೆ ತಿದ್ದುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. (ಯಾರಿಗೆ ಹೇಳಿದೆ ಅಂತ ಅವರಿಗೆ ಗೊತ್ತು.)

ಅವನಿಗೆ ಸಿಕ್ಕಿದ ಸೂತ್ರ ಇಷ್ಟೇ:

ಅನುರಣನ ಕಾಲ (ಸೆಕೆಂಡ್) = 0.16 × ಕೋಣೆಯ ಘನಫಲ (ಘನ ಮೀಟರ್) ÷ ಒಟ್ಟು ಹೀರಿಕೆ (ಚದರ ಮೀಟರ್)

ಅನುರಣನ ಕಾಲ ಅಂದರೆ ಸದ್ದು ನಿಂತ ಮೇಲೆ ಅದರ ತೀವ್ರತೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಅಂದರೆ 60 ಡೆಸಿಬೆಲ್ ಇಳಿಯುವುದಕ್ಕೆ ಬೇಕಾದ ಸಮಯ. ಹೀರಿಕೆಯನ್ನು ಅಳೆಯುವ ಅಳತೆ ತುಂಬ ಚೆಂದ. ಅದು ತೆರೆದ ಕಿಟಕಿ! ತೆರೆದ ಕಿಟಕಿಯಿಂದ ಹೊರಗೆ ಹೋದ ಶಬ್ದ ವಾಪಸು ಬರುವುದಿಲ್ಲ. ಆದ್ದರಿಂದ ಒಂದು ಚದರ ಮೀಟರ್ ತೆರೆದ ಕಿಟಕಿಗೆ ಹೀರಿಕೆ 1. ಸಿಮೆಂಟಿನ ಗಟ್ಟಿ ಗೋಡೆಗೆ ಚದರ ಮೀಟರಿಗೆ ಸುಮಾರು 0.03 ಮಾತ್ರ. ನೂರು ಪಾಲು ಶಬ್ದ ಬಡಿದರೆ 97 ಪಾಲು ಪುಟಿದು ಬರುತ್ತದೆ.

ಒಂದು ಕ್ಲಾಸ್‌ರೂಮಿನ ಲೆಕ್ಕ ಮಾಡೋಣ. ಉದ್ದ 8 ಮೀಟರ್, ಅಗಲ 6, ಎತ್ತರ 3.5, ಮೇಲೆ ಕಾಂಕ್ರೀಟ್. ಘನಫಲ 168. ನೆಲ, ಸೀಲಿಂಗ್, ನಾಲ್ಕು ಗೋಡೆ ಸೇರಿ 194 ಚದರ ಮೀಟರ್, ಅದರ ಹೀರಿಕೆ 5.8. ಬಾಗಿಲು ಕಿಟಕಿ ಮುಚ್ಚಿದ ಖಾಲಿ ಕೋಣೆಯಲ್ಲಿ ಅನುರಣನ ಕಾಲ 4.6 ಸೆಕೆಂಡ್. 6 ಚದರ ಮೀಟರಿನಷ್ಟು ಬಾಗಿಲು ಕಿಟಕಿ ತೆರೆದರೆ 2.3ಕ್ಕೆ ಇಳಿಯುತ್ತದೆ. ಈಗ ನಲವತ್ತು ಮಕ್ಕಳು ಒಳಗೆ ಬನ್ನಿ. ಒಬ್ಬೊಬ್ಬರಿಗೆ 0.4 ಅಂತ ಹಿಡಿದರೆ ನಿಮ್ಮ ಹೀರಿಕೆ 16. ಅನುರಣನ ಕಾಲ ಒಂದು ಸೆಕೆಂಡಿಗೆ ಬಂತು! ಕೋಣೆಯಲ್ಲಿ ಶಬ್ದ ಹೀರುವ ಅತಿ ಒಳ್ಳೆಯ ವಸ್ತು ನೀವೇ. ಜಾತ್ರೆಯ ದಿನ ಅರ್ಧ ಕ್ಲಾಸ್ ಖಾಲಿ ಇದ್ದಾಗ ಟೀಚರ ಸ್ವರ ಗಂವ್ ಅಂತ ಕೇಳುವುದು ಇದಕ್ಕೇ. ಶಾಲೆಯ ಕೋಣೆಯಲ್ಲಿ ಮಕ್ಕಳಿಲ್ಲದಾಗಲೂ 0.6 ಸೆಕೆಂಡಿಗಿಂತ ಹೆಚ್ಚಿರಬಾರದು ಅಂತ ಅಮೆರಿಕದ ಮಾನದಂಡ ಹೇಳುತ್ತದೆ. ಹಂಚಿನ ಮಾಡಿನ ಶಾಲೆಯವರಿಗೆ ಈ ಲೆಕ್ಕ ಹೀಗೆಯೇ ಹೊಂದುವುದಿಲ್ಲ. ಹಂಚಿನ ಸಂದಿಯಿಂದ ಶಬ್ದ ಹೊರಗೆ ಸೋರುತ್ತದೆ, ಆ ಮಟ್ಟಿಗೆ ಅವರು ಪುಣ್ಯವಂತರು. ಮಳೆ ಬಾರದಿದ್ದರೆ.

ಇಷ್ಟು ತಿಳಿದರೆ ಹೊಸ ಆಫೀಸಿನೊಳಗೆ ಕಾಲಿಟ್ಟಾಗ ಅಲ್ಲಿನ ಒಂದೊಂದು ವಸ್ತುವೂ ಯಾಕಿದೆ ಅಂತ ನಿಮಗೆ ಅರ್ಥವಾಗುತ್ತದೆ. ನೆಲದ ಕಾರ್ಪೆಟ್ ಬರೇ ಶೋಕಿಗಲ್ಲ. ಸೀಲಿಂಗಿನಿಂದ ತೂಗುವ ಹಲಗೆಗಳ ಒಳಗೆ ಖನಿಜದ ಉಣ್ಣೆ ಇರುತ್ತದೆ. ಗೋಡೆಯ ಮೇಲಿನ ಬಣ್ಣಬಣ್ಣದ ದಪ್ಪ ಫೆಲ್ಟ್ ಎಷ್ಟೋ ಸಲ ಕರಗಿಸಿದ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ್ದು. ಇಂಥ ನಾರಿನ ಸಂದಿಗೊಂದಿಯಲ್ಲಿ ಗಾಳಿ ಹಿಂದೆ ಮುಂದೆ ಉಜ್ಜಿ, ಶಬ್ದದ ಶಕ್ತಿ ತುಸು ಶಾಖವಾಗಿ ಮುಗಿದುಹೋಗುತ್ತದೆ. ಆದರೆ ಈಗ ಇನ್ನೊಂದು ಫ್ಯಾಷನ್ ಬಂದಿದೆ. ಸೀಲಿಂಗ್ ಹಲಗೆ ತೆಗೆದು ಪೈಪು, ಏಸಿಯ ಕೊಳವೆ ಎಲ್ಲ ಕಾಣುವ ಹಾಗೆ ಬಿಡುವುದು, ಸುತ್ತ ಗಾಜು, ಕೆಳಗೆ ಹೊಳಪಿನ ಕಾಂಕ್ರೀಟ್. ಫೋಟೋಕ್ಕೆ ಚೆಂದ. ಕಿವಿಗೆ ನಮ್ಮ ಖಾಲಿ ಕ್ಲಾಸ್‌ರೂಮೇ. ನನ್ನನ್ನು ಕೇಳಿದರೆ ವಿನ್ಯಾಸ ಮಾಡುವವರು ಕಣ್ಣು ಮುಚ್ಚಿ ಒಂದು ದಿನ ಅಲ್ಲಿ ಕೂತು ನೋಡಬೇಕು.

ಎಷ್ಟು ತಗ್ಗಿಸಿದರೆ ಸಾಕು ಎನ್ನುವುದಕ್ಕೂ ಅಳತೆ ಉಂಟು. ಬಯಲಿನಲ್ಲಿ ದೂರ ಎರಡು ಪಟ್ಟಾದಾಗೆಲ್ಲ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 60 ಇದ್ದ ಮಾತು ಎರಡು ಮೀಟರಿನಲ್ಲಿ 54, ನಾಲ್ಕರಲ್ಲಿ 48. ಗಟ್ಟಿ ಸೀಲಿಂಗಿನ ಹಾಲಿನಲ್ಲಿ ಇಷ್ಟು ಇಳಿಯುವುದಿಲ್ಲ. 2012ರಲ್ಲಿ ಬಂದ ಅಂತಾರಾಷ್ಟ್ರೀಯ ಮಾನದಂಡವೊಂದರ ಪ್ರಕಾರ ಒಳ್ಳೆಯ ಓಪನ್ ಆಫೀಸಿನಲ್ಲಿ ಅದು 7 ಡೆಸಿಬೆಲ್ ಅಥವಾ ಹೆಚ್ಚು ಇಳಿಯಬೇಕು, ಐದು ಮೀಟರ್ ಆಚೆಯ ಮಾತು ಕೆಲಸಕ್ಕೆ ಅಡ್ಡಿಯಾಗುವಷ್ಟು ಸ್ಪಷ್ಟವಾಗಿ ಕೇಳಬಾರದು. ಬಯಲಿಗಿಂತಲೂ ಹೆಚ್ಚು ಇಳಿಯಬೇಕಾದರೆ ಹೀರುವ ಸೀಲಿಂಗೂ ಬೇಕು, ನಡುವೆ ಹಲಗೆಯೂ ಬೇಕು.

ಇನ್ನೊಂದು ಉಪಾಯ ಕೇಳಿದರೆ ನಿಮಗೆ ನಗು ಬರಬಹುದು. ಕೆಲವು ಆಫೀಸುಗಳಲ್ಲಿ ಸೀಲಿಂಗಿನೊಳಗೆ ಸ್ಪೀಕರ್ ಇಟ್ಟು, ಸುಮಾರು 45 ಡೆಸಿಬೆಲ್‌ನಲ್ಲಿ ಇಡೀ ದಿನ ಸುಂಯ್ ಎಂಬ ಸದ್ದನ್ನು ಬೇಕೆಂದೇ ಬಿಡುತ್ತಾರೆ! ಗದ್ದಲಕ್ಕೆ ಮದ್ದು ಇನ್ನೊಂದು ಸದ್ದು. ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ಮನಶ್ಶಾಸ್ತ್ರದ ಕಡೆ ಹೋಗಬೇಕು. ಗಡಿಯ ಮಕ್ಕಳಿಗೆ ಇದರಲ್ಲೇ ವಿಶೇಷ ಇರುವುದು.

1976ರಲ್ಲಿ ಕಾಲ್ ಮತ್ತು ವೆಲ್ಶ್ ಎಂಬ ಇಬ್ಬರು ಅಮೆರಿಕದ ವಿದ್ಯಾರ್ಥಿಗಳಿಗೆ ಅಕ್ಷರಗಳ ಪಟ್ಟಿ ತೋರಿಸಿ, ಅದೇ ಕ್ರಮದಲ್ಲಿ ನೆನಪಿಟ್ಟು ಬರೆಯಲು ಹೇಳಿದರು. ಕೆಲವು ಸಲ ಮೌನ, ಕೆಲವು ಸಲ ಯಾರೋ ಜರ್ಮನ್ ಭಾಷೆಯಲ್ಲಿ ಓದುವ ಸದ್ದು. ವಿದ್ಯಾರ್ಥಿಗಳಿಗೆ ಜರ್ಮನ್ ಒಂದಕ್ಷರ ಬಾರದು. ಆ ಕಡೆ ಗಮನ ಕೊಡಬೇಡಿ ಅಂತಲೂ ಹೇಳಿದ್ದರು. ಆದರೂ ತಪ್ಪುಗಳು ಹೆಚ್ಚಿದವು! ಅರ್ಥ ಆಗದ ಭಾಷೆಯೂ ನೆನಪನ್ನು ಕಲಕುತ್ತದೆ. ಆಮೇಲಿನ ಪ್ರಯೋಗಗಳಲ್ಲಿ ತಿಳಿದದ್ದು ಏನೆಂದರೆ, ಕಾಟ ಕೊಡುವುದು ಸದ್ದಿನ ಜೋರು ಅಷ್ಟಾಗಿ ಅಲ್ಲ, ಅದು ಗಳಿಗೆ ಗಳಿಗೆಗೂ ಬದಲಾಗುತ್ತಾ ಇರುವುದು. ಮಾತು ಹಾಗೆಯೇ, ಪ್ರತಿ ಅಕ್ಷರಕ್ಕೂ ಬೇರೆ. ಫ್ಯಾನಿನ ಒಂದೇ ಸಮನೆಯ ಸದ್ದಿಗೆ ನೆನಪು ಅಷ್ಟೇನೂ ಕದಡುವುದಿಲ್ಲ. ಆಫೀಸಿನ ಸುಂಯ್ ಮಾಡುವುದು ಇಷ್ಟೇ: ದೂರದ ಮಾತಿನ ಏರಿಳಿತವನ್ನು ತನ್ನ ಕೆಳಗೆ ಮುಳುಗಿಸಿಬಿಡುವುದು.

"ಆಚೆಯದ್ದು ಮಲಯಾಳಂ ಅಲ್ವಾ, ಅದಕ್ಕೂ ನಿನಗೂ ಏನು ಸಂಬಂಧ? ಕಿವಿಗೆ ಹಾಕಿಕೊಳ್ಳಬೇಡ" ಅಂತ ನಾವು ಮಾಷ್ಟ್ರುಗಳು ಹೇಳುವುದುಂಟು. ಕಿವಿಗೆ ಕಣ್ಣಿನ ಹಾಗೆ ರೆಪ್ಪೆ ಇಲ್ಲ. ಹಾಕಿಕೊಳ್ಳದಿರುವುದು ನಿಮ್ಮ ಕೈಯಲ್ಲಿಲ್ಲ.

ಗೋಡೆ ತೆಗೆದರೆ ಜನ ಹೆಚ್ಚು ಮಾತಾಡುತ್ತಾರೆ ಎಂಬ ಆಸೆಯಾದರೂ ಕೈಗೂಡಿತಾ? 2018ರಲ್ಲಿ ಬರ್ನ್‌ಸ್ಟೀನ್ ಮತ್ತು ಟರ್ಬನ್ ಎಂಬವರು ಎರಡು ದೊಡ್ಡ ಕಂಪೆನಿಗಳ ಮುಖ್ಯ ಕಚೇರಿಯಲ್ಲಿ ಮಾಡಿದ ಅಧ್ಯಯನ ಪ್ರಕಟವಾಯಿತು. ನೌಕರರ ಕೊರಳಿಗೆ, ಯಾರು ಯಾರ ಎದುರು ನಿಂತು ಎಷ್ಟು ಹೊತ್ತು ಮಾತಾಡಿದರು ಅಂತ ದಾಖಲಿಸುವ ಪುಟ್ಟ ಯಂತ್ರ ತೂಗಿಸಿದ್ದರು. ಓಪನ್ ಹಾಲಿಗೆ ಬಂದ ಮೇಲೆ ಮುಖಾಮುಖಿ ಮಾತು ಸುಮಾರು 70 ಶೇಕಡಾ ಇಳಿದಿತ್ತು, ಇಮೇಲ್ ಏರಿತ್ತು. ಎಲ್ಲರಿಗೂ ಕೇಳುತ್ತದೆ ಅಂತ ಗೊತ್ತಾದರೆ ಯಾರು ಮಾತಾಡುತ್ತಾರೆ? ಎರಡೇ ಕಂಪೆನಿ ನೋಡಿ ಎಲ್ಲ ಆಫೀಸೂ ಹೀಗೇ ಅನ್ನುವ ಹಾಗಿಲ್ಲ, ಆದರೆ ಆ ಹುಡುಗಿಯ ಹೆಡ್‌ಫೋನ್ ನನಗೆ ನೆನಪಾಯಿತು.

ಈಗ ನಿಮ್ಮ ಸರದಿ. ಎರಡು ಪ್ರಯೋಗ ಹೇಳ್ತೇನೆ, ಎರಡಕ್ಕೂ ದುಡ್ಡು ಬೇಡ.

ಮೊದಲನೆಯದು. ಎಂಟು ಅಂಕಿಗಳ ಹತ್ತು ಪಟ್ಟಿ ಮಾಡಿಕೊಳ್ಳಿ. ಗೆಳೆಯನೊಬ್ಬ ಸೆಕೆಂಡಿಗೊಂದರಂತೆ ಅಂಕಿಗಳ ಚೀಟಿ ತೋರಿಸಲಿ. ಎಂಟೂ ಆದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದು, ಅದೇ ಕ್ರಮದಲ್ಲಿ ಬರೆಯಿರಿ. ಐದು ಪಟ್ಟಿ ಮೌನದಲ್ಲಿ, ಐದು ಪಟ್ಟಿ ಇನ್ನೊಬ್ಬರು ನಿಮಗೆ ಬಾರದ ಭಾಷೆಯ ಪೇಪರ್ ಓದುತ್ತಿರುವಾಗ. ಅದಲುಬದಲು ಮಾಡಿ, ಯಾವುದನ್ನೂ ಎಲ್ಲ ಮೊದಲು ಮಾಡಿ ಮುಗಿಸಬೇಡಿ. ಫ್ಯಾನ್ ಇರುವವರು ಫ್ಯಾನಿನ ಸದ್ದಿನಲ್ಲೂ ಮಾಡಿ ನೋಡಿ. ಸರಿಯಾದ ಜಾಗದಲ್ಲಿ ಬಂದ ಅಂಕಿ ಎಷ್ಟು ಅಂತ ಎಣಿಸಿ.

ಎರಡನೆಯದು ಕ್ಲಾಸ್‌ರೂಮಿನದು. ಕಾಲು, ಹಾಲು, ಸಾಲು, ಪಾಲು, ತೋಟ, ಕೋಟ, ನೋಟ, ಓಟ ಇಂಥ ಇಪ್ಪತ್ತು ಪದಗಳನ್ನು ಒಬ್ಬರು ಕರಿಹಲಗೆಯ ಹತ್ತಿರ ನಿಂತು, ಬೊಬ್ಬೆ ಹಾಕದೆ ಮಾಮೂಲಿ ಸ್ವರದಲ್ಲಿ ಓದಲಿ. ಆಚೆ ಕ್ಲಾಸ್ ನಡೆಯುತ್ತಿರಬೇಕು. ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ಕೂತು ಬರೆಯಿರಿ. ಆಮೇಲೆ ಕ್ಲಾಸಿನ ನಕ್ಷೆ ಬಿಡಿಸಿ, ಒಂದೊಂದು ಜಾಗದಲ್ಲಿ ಎಷ್ಟು ತಪ್ಪು ಅಂತ ಗುರುತು ಹಾಕಿ. ಯಾರ ಹೆಸರೂ ಬೇಡ, ಜಾಗ ಮಾತ್ರ. ಇನ್ನೊಂದು ದಿನ ಎಲ್ಲರೂ ಜಾಗ ಬದಲಿಸಿ ಮತ್ತೊಮ್ಮೆ ಮಾಡಿ. ತಪ್ಪು ಹುಡುಗರ ಜೊತೆ ಹೋಯಿತಾ, ಬೆಂಚಿನ ಹತ್ತಿರವೇ ಉಳಿಯಿತಾ ಅಂತ ಆಗ ಗೊತ್ತಾಗುತ್ತದೆ.

ಸ್ಕ್ರೀನಿಗೆ ಮೊಟ್ಟೆಯ ಟ್ರೇ, ತರ್ಮೋಕೋಲ್ ಅಂಟಿಸುವ ಯೋಚನೆ ಕೆಲವರಿಗೆ ಬರಬಹುದು. ಬೇಡ. ಟ್ರೇ ಹೀರುವುದು ಕಡಿಮೆ, ತರ್ಮೋಕೋಲಿನ ರಂಧ್ರಗಳು ಮುಚ್ಚಿರುವುದರಿಂದ ಗಾಳಿ ಒಳಗೆ ಹೋಗುವುದೇ ಇಲ್ಲ, ಎರಡಕ್ಕೂ ಬೆಂಕಿ ಬೇಗ ಹಿಡಿಯುತ್ತದೆ. ನಾವು ನಮ್ಮ ಹಾಲಿನ ಹಿಂದಿನ ಗೋಡೆಗೆ ತೆಂಗಿನ ನಾರಿನ ದಪ್ಪ ಚಾಪೆಗಳನ್ನು ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗಿಸಿದ್ದೇವೆ. ತೂಗಿಸುವ ಮೊದಲಿನ ನಕ್ಷೆ ಒಂದು ಉಂಟು, ಚಾಪೆಯ ನಂತರದ್ದು ಈ ತಿಂಗಳ ಕೊನೆಗೆ ಮಾಡ್ತೇವೆ. ನಿಮ್ಮ ನಕ್ಷೆಗಳನ್ನೂ ಕೋಣೆಯ ಅಳತೆ, ಮಾಡು ಎಂಥದ್ದು, ಆಚೆ ಯಾವ ಕ್ಲಾಸ್ ಎಂಬ ವಿವರದ ಜೊತೆ ನಿಮ್ಮ ವಿಜ್ಞಾನದ ಟೀಚರ ಕೈಯಲ್ಲಿ ಪತ್ರಿಕೆಗೆ ಕಳಿಸಿಕೊಡಿ. ಪಕ್ಕಪಕ್ಕ ಇಟ್ಟು ನೋಡೋಣ.